ಲೆನ್ಸ್ ಕ್ಯಾಪ್: ಕಳೆಯದಂತೆ, ಕಾಡದಂತೆ ಬಳಸುವ ಬಗೆ

ಸಫಾರಿ ಜೀಪಿನಿಂದ ಕೆಳಗೆ ಬಿದ್ದ ಲೆನ್ಸ್ ಕ್ಯಾಪನ್ನು ಎತ್ತಿಕೊಳ್ಳುವಂತಿಲ್ಲ. ಕಬಿನಿಯ ಹಿನ್ನೀರಿನ ಬದಿಯಲ್ಲಿ ಆನೆಗಳ ಹಿಂಡೊಂದು ದಾರಿ ದಾಟುತ್ತಿದ್ದಾಗ ಅವಸರದಿಂದ ಕಿತ್ತ ನನ್ನ 77 ಮಿ.ಮೀ. ಕ್ಯಾಪ್ ತೊಡೆಯ ಮೇಲಿನಿಂದ ಜಾರಿ, ಜೀಪಿನ ಅಂಚಿಗೆ ತಾಗಿ, ದಾರಿಬದಿಯ ಹುಲ್ಲಿನೊಳಗೆ ಬಿತ್ತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಕಾಡಿನೊಳಗೆ ವಾಹನದಿಂದ ಇಳಿಯುವುದಕ್ಕೆ ಅನುಮತಿಯಿಲ್ಲದ್ದರಿಂದ ಅದನ್ನು ಅಲ್ಲಿಯೇ ಬಿಟ್ಟು ಬರಬೇಕಾಯಿತು. ಕ್ಯಾಪ್ ಹೋದ ಬೇಸರಕ್ಕಿಂತಲೂ ಕಾಡಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ಕೊಟ್ಟು ಬಂದೆನೆಂಬ ಮುಜುಗರ ಹೆಚ್ಚು ದಿನ ಉಳಿಯಿತು.

ಲಕ್ಷ ರೂಪಾಯಿಯ ಲೆನ್ಸನ್ನು ಹೇಗೆ ಹಿಡಿಯಬೇಕು, ಹೇಗೆ ಒರೆಸಬೇಕು ಎಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅದರ ಮೂತಿಯ ಮೇಲೆ ಕೂರುವ ಇನ್ನೂರು ಮುನ್ನೂರು ರೂಪಾಯಿಯ ಮುಚ್ಚಳದ ವಿಷಯಕ್ಕೆ ಬಂದರೆ ಮಾತ್ರ ಪ್ರತಿಯೊಬ್ಬರೂ ಕಳೆದುಕೊಂಡೇ ಕಲಿಯುತ್ತಾರೆ. ಕ್ಯಾಪ್ ಕಾಣೆಯಾಗುವುದು, ತೆಗೆಯಲು ಮರೆತುಹೋಗುವುದು, ಚೀಲದೊಳಗೆ ತಾನಾಗಿ ಕಳಚಿಕೊಳ್ಳುವುದು, ಹುಡ್ (ಲೆನ್ಸಿನ ಮೂತಿಗೆ ಸಿಕ್ಕಿಸುವ ಕೊಳವೆಯಂಥ ಮರೆ) ಒಳಗೆ ಬೆರಳು ಹೋಗದಿರುವುದು, ಕೊಂಡು ತಂದದ್ದು ಹೊಂದದಿರುವುದು ಇವೆಲ್ಲ ಬಿಡಿಬಿಡಿಯಾದ ತೊಂದರೆಗಳಂತೆ ಕಂಡರೂ ಬಹುಪಾಲು ಒಂದೇ ಬೇರಿನವು: ಕ್ಯಾಪ್ ಯಾವ ಹೊತ್ತಿನಲ್ಲಿ ಲೆನ್ಸಿನ ಮೇಲಿರಬೇಕು, ಉಳಿದ ಹೊತ್ತಿನಲ್ಲಿ ಎಲ್ಲಿರಬೇಕು ಎಂಬುದನ್ನು ನಾವು ಮೊದಲೇ ತೀರ್ಮಾನಿಸಿಕೊಂಡಿರುವುದಿಲ್ಲ. ಆದ್ದರಿಂದ ಈ ಬರಹವನ್ನು ಆ ಎರಡು ತೀರ್ಮಾನಗಳಿಂದಲೇ ಆರಂಭಿಸುತ್ತೇನೆ.

ಯಾವ ಹೊತ್ತಿನಲ್ಲಿ ಬೇಕು

ಕ್ಯಾಪ್ ಇರುವುದು ಮುಖ್ಯವಾಗಿ ಚೀಲಕ್ಕಾಗಿ ಮತ್ತು ಕಪಾಟಿಗಾಗಿ. ಚೀಲದ ಜಿಪ್ಪು, ಬೀಗದ ಕೈ, ಪಕ್ಕದಲ್ಲಿರುವ ಇನ್ನೊಂದು ಲೆನ್ಸಿನ ಲೋಹದ ಅಂಚು, ತಳದಲ್ಲಿ ಸೇರಿಕೊಂಡ ಮರಳು ಇವು ಮುಂದಿನ ಗಾಜಿಗೆ ತಾಗದಂತೆ ತಡೆಯುವುದು ಅದರ ಕೆಲಸ. ಚಿತ್ರ ತೆಗೆಯುತ್ತಿರುವಾಗ ಗಾಜನ್ನು ಕಾಯುವ ಹೊಣೆ ಕ್ಯಾಪಿನದಲ್ಲ, ಹುಡ್‌ನದು. ಹುಡ್ ಅಡ್ಡಬಿಸಿಲನ್ನು ತಡೆಯುವುದಕ್ಕಾಗಿ ಹುಟ್ಟಿದ್ದು ನಿಜ. ಆದರೆ ಗೋಡೆಗೆ ತಾಗಿದಾಗ, ಮಗುವೊಂದು ಕೈ ಚಾಚಿದಾಗ, ಗಿಡದ ಕೊಂಬೆ ಸವರಿದಾಗ ಮೊದಲ ಪೆಟ್ಟು ತಿನ್ನುವುದೂ ಅದೇ. ಹುಡ್ ಹಾಕಿಕೊಂಡು ತಿರುಗುವವರು ಎರಡು ಚಿತ್ರಗಳ ನಡುವೆ ಕ್ಯಾಪ್ ಹಾಕಿ ತೆಗೆದು ಮಾಡುತ್ತಿದ್ದರೆ ಅದರಿಂದ ಲಾಭವೇನೂ ಇಲ್ಲ, ಕಳೆದುಕೊಳ್ಳುವ ಅವಕಾಶಗಳಷ್ಟೇ ಹೆಚ್ಚುತ್ತವೆ. ಒಂದು ದಿನಕ್ಕೆ ಐವತ್ತು ಸಲ ಕೈಗೆ ಬರುವ ವಸ್ತುವನ್ನು ಐವತ್ತು ಸಲವೂ ಸರಿಯಾದ ಜಾಗದಲ್ಲಿ ಇಡುತ್ತೇನೆಂದು ಯಾರೂ ಭರವಸೆ ಕೊಡಲಾರರು.

ಹೀಗಾಗಿ ಕ್ರಮ ಇಷ್ಟೇ: ಕ್ಯಾಮೆರಾ ಚೀಲದಿಂದ ಹೊರಗೆ ಬಂದ ಕೂಡಲೇ ಕ್ಯಾಪ್ ತೆಗೆಯಬೇಕು, ಹುಡ್ ಹಾಕಬೇಕು, ಸ್ವಿಚ್ ಒತ್ತಬೇಕು. ಈ ಮೂರು ಒಂದರ ಹಿಂದೆ ಒಂದು ನಡೆದುಹೋಗಲಿ. ಮತ್ತೆ ಕ್ಯಾಪ್ ಹಾಕುವುದು ಕ್ಯಾಮೆರಾ ಚೀಲಕ್ಕೆ ಮರಳುವಾಗ. ಮದುವೆಯ ಚಿತ್ರ ತೆಗೆಯುವವರಿಗೆ ಇದು ಇನ್ನಷ್ಟು ಮುಖ್ಯ. ಗಟ್ಟಿಮೇಳ ಎಂದು ಪುರೋಹಿತರು ಕೂಗಿದ ಮೇಲೆ ತಾಳಿ ಕಟ್ಟುವುದಕ್ಕೆ ಹಿಡಿಯುವ ಹೊತ್ತು ಅರೆ ನಿಮಿಷವೂ ಇರುವುದಿಲ್ಲ. ಆ ಗಳಿಗೆಯಲ್ಲಿ ಮುಚ್ಚಳ ಹುಡುಕುವುದಾಗಲಿ, ಮುಚ್ಚಳ ಇಟ್ಟುಕೊಳ್ಳಲು ಜಾಗ ಹುಡುಕುವುದಾಗಲಿ ಸಲ್ಲದು.

ಈ ಕ್ರಮಕ್ಕೆ ಕೆಲವು ವಿನಾಯಿತಿಗಳಿವೆ. ಬೇಸಿಗೆಯಲ್ಲಿ ಬಂಡೀಪುರದಂಥ ಕಾಡಿನ ಮಣ್ಣುದಾರಿಯಲ್ಲಿ ಮುಂದಿನ ವಾಹನ ಎಬ್ಬಿಸುವ ಧೂಳು ಕವಿಯುತ್ತಿರುವಾಗ, ಕರಾವಳಿಯ ಕಂಬಳದಲ್ಲಿ ಕೋಣಗಳ ಜೋಡಿ ಗದ್ದೆಯ ಈ ಕಡೆಗೇ ಬರುತ್ತಿರುವಾಗ, ಆರತಕ್ಷತೆಯಲ್ಲಿ ಸಿಂಪಡಿಸುವ ಪನ್ನೀರು ಹತ್ತಿರದಲ್ಲಿರುವಾಗ, ಮತ್ತು ಬಿಸಿಲಿನಲ್ಲಿ ಕ್ಯಾಮೆರಾವನ್ನು ಸುಮ್ಮನೆ ಮೇಜಿನ ಮೇಲೆ ಇಡುವಾಗ ಕ್ಯಾಪ್ ಹಾಕುವುದೇ ಸರಿ. ಕೊನೆಯ ಸಂಗತಿಯ ಕಾರಣವನ್ನು ಮುಂದೆ ಹೇಳುತ್ತೇನೆ.

ಉಳಿದ ಹೊತ್ತಿನಲ್ಲಿ ಎಲ್ಲಿರಬೇಕು

ಉತ್ತರ ಯಾವುದಾದರೂ ಆಗಬಹುದು, ಆದರೆ ಒಂದೇ ಆಗಿರಬೇಕು. ನನ್ನದು ಪ್ಯಾಂಟಿನ ಬಲಗಡೆಯ ಹಿಂಜೇಬು. ಅಲ್ಲಿ ಬೇರೇನನ್ನೂ ಇಡುವುದಿಲ್ಲ; ಕುಳಿತಾಗ ಕ್ಯಾಪ್ ಒತ್ತುತ್ತದೆ, ಆ ಒತ್ತುವಿಕೆಯೇ ಅದು ಇದೆ ಎಂಬುದಕ್ಕೆ ಸಾಕ್ಷಿ. ಮುಂದಿನ ಜೇಬು ಅಷ್ಟು ಒಳ್ಳೆಯದಲ್ಲ, ಏಕೆಂದರೆ ಅಲ್ಲಿ ಮೊಬೈಲು, ಚಿಲ್ಲರೆ, ಕರವಸ್ತ್ರಗಳಿರುತ್ತವೆ. ಕರವಸ್ತ್ರ ಎಳೆದಾಗ ಅದರ ಜೊತೆಗೇ ಕ್ಯಾಪ್ ಹೊರಗೆ ಬಂದು ಸದ್ದಿಲ್ಲದೆ ಬೀಳುತ್ತದೆ. ಅಂಗಿಯ ಎದೆಜೇಬು ಎಲ್ಲಕ್ಕಿಂತ ಕೆಟ್ಟದ್ದು. ಬಗ್ಗಿ ಕೆಳಗಿನ ಕೋನದಿಂದ ಚಿತ್ರ ತೆಗೆಯುವ ಮೊದಲ ಸಲವೇ ಅದು ಖಾಲಿಯಾಗುತ್ತದೆ, ಅದೂ ರಂಗನತಿಟ್ಟಿನ ದೋಣಿಯಲ್ಲಿ ಕುಳಿತಿದ್ದರೆ ಮೊಸಳೆಗಳಿರುವ ನೀರಿಗೆ. ಸೀರೆ ಅಥವಾ ಜೇಬಿಲ್ಲದ ಉಡುಪು ಧರಿಸುವವರು ಸೊಂಟಕ್ಕೊಂದು ಪುಟ್ಟ ಚೀಲ ಕಟ್ಟಿಕೊಳ್ಳುವುದು ಅಥವಾ ಕ್ಯಾಮೆರಾ ಚೀಲದ ಹೊರಗಿನ ಒಂದು ಖಾನೆಯನ್ನು ಕ್ಯಾಪಿಗೇ ಮೀಸಲಿಡುವುದು ಒಳ್ಳೆಯದು. ಖಾನೆಗೆ ಜಿಪ್ಪು ಇರಲಿ, ಆ ಜಿಪ್ಪನ್ನು ಎಳೆಯುವ ಅಭ್ಯಾಸವೂ ಇರಲಿ.

ಜೇಬಿನಲ್ಲಿ ಕ್ಯಾಪಿನ ಒಳಮೈಗೆ ಏನೇನು ಅಂಟಿಕೊಳ್ಳುತ್ತದೆ ಎಂಬುದೂ ಒಂದು ವಿಷಯವೇ. ಗಾಜಿಗೆ ಎದುರಾಗಿ ಕೂರುವುದು ಒಳಮೈ. ಜೇಬಿನ ನೂಲಿನ ಎಳೆ, ಬೆವರಿನ ತೇವ, ಕಡಲೆಬೀಜದ ಸಿಪ್ಪೆ ಅದಕ್ಕೆ ಅಂಟಿಕೊಂಡರೆ ಸಂಜೆ ಕ್ಯಾಪ್ ಹಾಕಿದಾಗ ಅವೆಲ್ಲ ಗಾಜಿನ ಮೇಲೆ ಉದುರುತ್ತವೆ. ಕ್ಯಾಪ್ ತೆಗೆದ ಕಾರಣಕ್ಕೆ ಕೊಳೆಯಾಗದ ಲೆನ್ಸ್ ಕ್ಯಾಪ್ ಹಾಕಿದ ಕಾರಣಕ್ಕೆ ಕೊಳೆಯಾಗುವುದು ಹೀಗೆ. ಹಾಕುವ ಮೊದಲು ಕ್ಯಾಪನ್ನು ಬೋರಲಾಗಿ ಹಿಡಿದು ಅಂಗೈಗೆ ಎರಡು ಸಲ ತಟ್ಟುವುದನ್ನು ರೂಢಿಸಿಕೊಂಡರೆ ಸಾಕು. ಬಾಯಿಂದ ಊದಬಾರದು, ಊದಿದಾಗ ಉಗುಳಿನ ಹನಿಗಳೂ ಹೋಗುತ್ತವೆ.

ಕ್ಯಾಪಿಗೆ ದಾರ ಕಟ್ಟುವ ಪದ್ಧತಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅಂಗಡಿಯಲ್ಲಿ ಸಿಗುವ ದಾರದ ಒಂದು ತುದಿಯಲ್ಲಿ ಅಂಟುಬಿಲ್ಲೆ, ಇನ್ನೊಂದು ತುದಿಯಲ್ಲಿ ಲೆನ್ಸಿಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಇರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಎರಡು ಮೂರು ಸಲ ಇದ್ದು ಬಂದ ಮೇಲೆ ಅಂಟು ಮೆತ್ತಗಾಗಿ, ದಾರ ಉಳಿದು ಕ್ಯಾಪ್ ಮಾತ್ರ ಹೋಗುತ್ತದೆ. ಅಂಟು ಉಳಿದರೂ ಕ್ಯಾಪ್ ಗಾಳಿಗೆ ತೂಗಾಡುತ್ತ ಹುಡ್‌ಗೆ ಟಕಟಕ ಬಡಿಯುತ್ತದೆ. ವಿಡಿಯೊದಲ್ಲಿ ಆ ಸದ್ದು ದಾಖಲಾಗುತ್ತದೆ, ಟ್ರೈಪಾಡಿನ ಮೇಲೆ ದೀರ್ಘ ಎಕ್ಸ್‌ಪೋಷರ್ ಕೊಡುವಾಗ ಆ ತೂಗಾಟವೇ ಚಿತ್ರವನ್ನು ಮಸುಕಾಗಿಸುತ್ತದೆ. ಕ್ಯಾಮೆರಾ ಪಟ್ಟಿಗೆ ಸಿಕ್ಕಿಸುವ, ಕ್ಯಾಪನ್ನು ಒತ್ತಿ ಕೂರಿಸಿಡುವ ಪ್ಲಾಸ್ಟಿಕ್ ಹಿಡಿಕೆ ಇದಕ್ಕಿಂತ ವಾಸಿ. ಆದರೆ ಅದು ನಿಮ್ಮ ಕ್ಯಾಪಿನ ಅಳತೆಗೆ ಹೊಂದುವುದೇ ಎಂದು ನೋಡಿ ಕೊಳ್ಳಬೇಕು. ಒಂದೇ ಲೆನ್ಸ್ ಇರುವವರಿಗೆ, ಜೇಬುಗಳನ್ನು ನಂಬದವರಿಗೆ ಅದು ಅನುಕೂಲ.

ಹಿಂಡುವ ಬಗೆ

ಕ್ಯಾಪ್‌ಗಳಲ್ಲಿ ಎರಡು ಜಾತಿ. ಹಳೆಯ ಮಾದರಿಯದನ್ನು ಹೊರ ಅಂಚಿನ ಎರಡು ಪಕ್ಕಗಳಲ್ಲಿ ಹಿಂಡಬೇಕು. ಈಚಿನದನ್ನು ಮಧ್ಯದಲ್ಲಿರುವ ಎರಡು ಹಿಡಿಗಳನ್ನು ಒಂದರ ಕಡೆಗೆ ಒಂದನ್ನು ಒತ್ತಿ ತೆಗೆಯಬೇಕು. ಪಕ್ಕ ಹಿಂಡುವ ಕ್ಯಾಪಿನ ತೊಡಕು ಹುಡ್ ಹಾಕಿದಾಗ ಗೊತ್ತಾಗುತ್ತದೆ. ಆಳವಾದ ಹುಡ್‌ನ ಒಳಗೆ ಬೆರಳುಗಳನ್ನು ಅಂಚಿನವರೆಗೆ ತೂರಿಸಲು ಹೋದರೆ ಕ್ಯಾಪ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಉಗುರು ಗಾಜಿಗೆ ತಾಗುತ್ತದೆ. ಇದರಿಂದ ಬೇಸತ್ತು ಹುಡ್ ಹಾಕುವುದನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ, ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ನಿಮ್ಮ ಲೆನ್ಸಿನ ಜೊತೆಗೆ ಬಂದ ಕ್ಯಾಪ್ ಪಕ್ಕ ಹಿಂಡುವ ಬಗೆಯದಾದರೆ ಅದೇ ಅಳತೆಯ ಮಧ್ಯ ಹಿಂಡುವ ಕ್ಯಾಪ್ ಒಂದನ್ನು ಕೊಳ್ಳಿ. ಕ್ಯಾಪಿನ ಸಂಕಟಗಳಲ್ಲಿ ಹಣ ಕೊಟ್ಟು ಪೂರ್ತಿಯಾಗಿ ಪರಿಹರಿಸಿಕೊಳ್ಳಬಹುದಾದದ್ದು ಇದೊಂದೇ.

ಹಾಕುವಾಗಿನ ತಪ್ಪು ಬೇರೆ. ಅನೇಕರು ಹಿಂಡದೆ ಸುಮ್ಮನೆ ಒತ್ತಿ ಕೂರಿಸುತ್ತಾರೆ. ಒಂದು ಪಕ್ಕದ ಹಲ್ಲು ಲೆನ್ಸಿನ ಮೂತಿಯ ಒಳಸುತ್ತಿನಲ್ಲಿರುವ ತಿರುಪಿನ ಗೆರೆಗಳಿಗೆ, ಅಂದರೆ ಥ್ರೆಡ್ಡಿಗೆ, ಸಿಕ್ಕಿಕೊಂಡು ಇನ್ನೊಂದು ಪಕ್ಕ ಮೇಲೆಯೇ ನಿಂತಿರುತ್ತದೆ. ನೋಡಿದರೆ ಕೂತಂತೆಯೇ ಕಾಣುತ್ತದೆ, ಚೀಲದೊಳಗೆ ಹೋದ ಮೇಲೆ ಕಳಚಿಕೊಳ್ಳುತ್ತದೆ. ಸರಿಯಾದ ಬಗೆ ಎಂದರೆ ಹಿಡಿಗಳನ್ನು ಪೂರ್ತಿ ಹಿಂಡಿ, ಕ್ಯಾಪನ್ನು ನೇರವಾಗಿ ಅಂಚಿಗೆ ಮುಟ್ಟಿಸಿ, ಹಿಡಿ ಬಿಟ್ಟು, ಬೆರಳ ತುದಿಯಿಂದ ಸುತ್ತ ಒಮ್ಮೆ ಸವರುವುದು. ಎತ್ತರ ತಗ್ಗು ಸಿಕ್ಕಿದರೆ ಕೂತಿಲ್ಲವೆಂದೇ ಅರ್ಥ. ಚೀಲದಲ್ಲಿ ಲೆನ್ಸನ್ನು ಮೂತಿ ಕೆಳಗಾಗಿ ನಿಲ್ಲಿಸುವವರು ಹುಡ್ಡನ್ನು ತಿರುಗಿಸಿ ಹಿಮ್ಮುಖವಾಗಿ ಹಾಕಿರುತ್ತಾರಾದ್ದರಿಂದ ಇಡೀ ಭಾರ ಕ್ಯಾಪಿನ ಹಿಡಿಗಳ ಮೇಲೆಯೇ ಬೀಳುತ್ತದೆ. ತಳದ ಸ್ಪಂಜು ಆ ಹಿಡಿಗಳನ್ನು ಒತ್ತಿದರೆ ಕ್ಯಾಪ್ ತಾನಾಗಿ ಬಿಟ್ಟುಕೊಳ್ಳಬಹುದು. ಮೂತಿ ಮೇಲಾಗಿ ಇಡಲು ಸಾಧ್ಯವಿದ್ದರೆ ಹಾಗೆಯೇ ಇಡಬೇಕು.

ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ತೆಳ್ಳಗಿನ ಗಾಜಿನ ಫಿಲ್ಟರುಗಳು ಇನ್ನೊಂದು ಮೋಸ ಮಾಡುತ್ತವೆ. ಅಗಲ ಕೋನದ ಲೆನ್ಸುಗಳಲ್ಲಿ ಚಿತ್ರದ ಮೂಲೆಗಳು ಕಪ್ಪಾಗಬಾರದೆಂದು ಮಾಡಿದ ಕೆಲವು ಸ್ಲಿಮ್ ಫಿಲ್ಟರುಗಳ ಮುಂಬದಿಯಲ್ಲಿ ಥ್ರೆಡ್ ಇರುವುದೇ ಇಲ್ಲ. ಹಿಡಿದುಕೊಳ್ಳಲು ಥ್ರೆಡ್ ಇಲ್ಲದ ಮೇಲೆ ಹಲ್ಲಿನ ಕ್ಯಾಪ್ ಎಷ್ಟು ಒಳ್ಳೆಯದಾದರೂ ನಿಲ್ಲಲಾರದು. ಅಂಥ ಫಿಲ್ಟರಿಗೆ ಡಬ್ಬಿಯ ಮುಚ್ಚಳದಂತೆ ಹೊರಗಿನಿಂದ ತೊಡಿಸುವ ಕ್ಯಾಪ್ ಬೇಕು. ಫಿಲ್ಟರ್ ಕೊಳ್ಳುವ ಮೊದಲೇ ಅದರ ಮುಂಬದಿಯನ್ನು ಬೆರಳಿನಿಂದ ಮುಟ್ಟಿ ನೋಡುವುದು ಜಾಣತನ.

ಅಳತೆಯ ಗೊಂದಲ

ಐವತ್ತು ಎಂಎಂ ಲೆನ್ಸಿಗೆ ಐವತ್ತು ಎಂಎಂ ಕ್ಯಾಪ್ ಕೊಡಿ ಎಂದು ಕೇಳಿ ಅಂಗಡಿಯವರಿಂದ ನಗೆಗೀಡಾದವರಲ್ಲಿ ನಾನೂ ಒಬ್ಬ. ಲೆನ್ಸಿನ ಹೆಸರಿನಲ್ಲಿ ಬರುವ 50 ಎಂಬುದು ಅದರ ಸಂಗಮ ದೂರ (ಫೋಕಲ್ ಲೆಂತ್); ಕ್ಯಾಪಿಗೆ ಬೇಕಾದದ್ದು ಮುಂದಿನ ಥ್ರೆಡ್ಡಿನ ವ್ಯಾಸ. ಎರಡನ್ನೂ ಮಿಲಿಮೀಟರಿನಲ್ಲಿಯೇ ಹೇಳುವುದರಿಂದ ಈ ಗೊಂದಲ. ಇವೆರಡಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಐವತ್ತರ ಲೆನ್ಸುಗಳೇ ಸಾಕ್ಷಿ: ಕ್ಯಾನನ್ನಿನ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂಗೆ 49 ಮಿ.ಮೀ. ಕ್ಯಾಪ್ ಬೇಕು, ಅದಕ್ಕೆ ಹಿಂದಿನ ಮಾದರಿಗೆ 52 ಬೇಕಿತ್ತು, ನಿಕಾನಿನ ಎಎಫ್-ಎಸ್ 50 ಎಂಎಂ ಎಫ್ 1.8 ಜಿಗೆ 58 ಬೇಕು.

ನಿಮ್ಮ ಲೆನ್ಸಿನ ಅಳತೆಯನ್ನು ತಿಳಿಯಲು ಅದರ ಮೂತಿಯ ಸುತ್ತ ಬರೆದಿರುವುದನ್ನು ಓದಿ. ವೃತ್ತವೊಂದನ್ನು ಓರೆಗೆರೆ ಸೀಳಿದಂತಿರುವ ಚಿಹ್ನೆಯ ಪಕ್ಕದಲ್ಲಿರುವ ಸಂಖ್ಯೆಯೇ ಅದು. ಮೂಲ ಕ್ಯಾಪ್ ಇನ್ನೂ ಕೈಯಲ್ಲಿದ್ದರೆ ಅದರ ಒಳಮೈಯಲ್ಲಿಯೂ ಅದೇ ಸಂಖ್ಯೆ ಅಚ್ಚಾಗಿರುವುದುಂಟು. ಸ್ಕೇಲ್ ಹಿಡಿದು ಅಳೆಯಬೇಡಿ. 55ಕ್ಕೂ 58ಕ್ಕೂ ನಡುವಿನ ಮೂರು ಮಿಲಿಮೀಟರು ಕಣ್ಣಳತೆಗೆ ಸಿಗುವುದಿಲ್ಲ, ಕ್ಯಾಪಿಗೆ ಮಾತ್ರ ಅದು ದೊಡ್ಡ ಅಂತರ. ನಿಕಾನ್ ಡಿಎಕ್ಸ್ ಕ್ಯಾಮೆರಾಗಳ ಜೊತೆಗೆ ಬರುತ್ತಿದ್ದ ಎಎಫ್-ಪಿ 18-55 ಲೆನ್ಸಿಗೆ 55, ಅದರ ಜೋಡಿಯಾದ 70-300ಕ್ಕೆ 58. ಹೊರಗಿನಿಂದ ಎರಡೂ ಕ್ಯಾಪ್‌ಗಳು ಅವಳಿಗಳಂತೆ ಕಾಣುತ್ತವೆ. ದೊಡ್ಡದು ಚಿಕ್ಕ ಲೆನ್ಸಿನೊಳಗೆ ಕೂರುವುದೇ ಇಲ್ಲ, ಚಿಕ್ಕದು ದೊಡ್ಡ ಲೆನ್ಸಿನೊಳಕ್ಕೆ ಜಾರಿ ಹೋಗಿ ಗಾಜಿನ ಮೇಲೆ ಕೂತುಬಿಡುತ್ತದೆ. ಕ್ಯಾನನ್ನಿನ 18-55 ಮತ್ತು 55-250 ಇಎಫ್-ಎಸ್ ಜೋಡಿಗೆ ಎರಡಕ್ಕೂ 58 ಇರುವುದು ಆ ಮಟ್ಟಿಗೆ ಒಂದು ಉಪಕಾರ.

ಎರಡು ಮೂರು ಲೆನ್ಸ್ ಇರುವವರು ಪ್ರತಿ ಕ್ಯಾಪಿನ ಹೊರಮೈ ಮೇಲೆ ಬಿಳಿಯ ಮಾರ್ಕರಿನಿಂದ ಅಳತೆಯನ್ನು ದೊಡ್ಡದಾಗಿ ಬರೆದುಕೊಳ್ಳಬೇಕು. ಚೀಲ ತೆರೆದಾಗ ಮೇಲಿನಿಂದ ಕಾಣುವುದು ಕಪ್ಪು ಬಿಲ್ಲೆಗಳ ಸಾಲು. ಯಾವುದು ಯಾವ ಲೆನ್ಸ್ ಎಂದು ಪ್ರತಿ ಸಲ ಎತ್ತಿ ನೋಡುವ ಕಷ್ಟ ತಪ್ಪುತ್ತದೆ. ಇನ್ನೊಂದು ಉಪಾಯವೆಂದರೆ ಸ್ಟೆಪ್-ಅಪ್ ರಿಂಗ್, ಅಂದರೆ ಚಿಕ್ಕ ಮೂತಿಗೆ ದೊಡ್ಡ ಅಳತೆಯ ಥ್ರೆಡ್ ಕೊಡುವ ಬಳೆ. 67ರ ಲೆನ್ಸಿಗೆ 67-77 ರಿಂಗನ್ನು ತಿರುಗಿಸಿ ಕೂರಿಸಿದರೆ ಅದಕ್ಕೂ 77ರ ಕ್ಯಾಪೇ ಆಗುತ್ತದೆ, ಫಿಲ್ಟರುಗಳೂ ಒಂದೇ ಅಳತೆಯವು ಸಾಕಾಗುತ್ತವೆ. ಆದರೆ ರಿಂಗ್ ಇದ್ದಾಗ ಆ ಲೆನ್ಸಿನ ಮೂಲ ಹುಡ್ ಸಾಮಾನ್ಯವಾಗಿ ಕೂರುವುದಿಲ್ಲ. ಚಿತ್ರ ತೆಗೆಯುವಾಗ ಗಾಜನ್ನು ಕಾಯುವುದು ಹುಡ್ ಎಂದು ಮೇಲೆ ಹೇಳಿದ್ದರಿಂದ ನಾನು ಈ ಉಪಾಯವನ್ನು ಟ್ರೈಪಾಡಿನ ಮೇಲೆ ನಿಧಾನವಾಗಿ ಕೆಲಸ ಮಾಡುವವರಿಗೆ ಮಾತ್ರ ಹೇಳುತ್ತೇನೆ.

ಹಕ್ಕಿಗಳ ಹಿಂದೆ ಹೋಗುವವರ ಲೆನ್ಸುಗಳಲ್ಲಿ ನಿಕಾನಿನ 200-500, ಸೋನಿಯ 200-600 ಎರಡೂ 95 ಮಿ.ಮೀ. ಬೇಡುತ್ತವೆ. ಈ ಅಳತೆಯ ಕ್ಯಾಪ್ ಎಲ್ಲ ಅಂಗಡಿಗಳಲ್ಲಿ ಸಿಗದು, ಜೇಬಿನಲ್ಲಿಯೂ ಹಿಡಿಯದು. ಕ್ಯಾಪನ್ನು ಚೀಲದಲ್ಲಿಯೇ ಬಿಟ್ಟು, ಹುಡ್‌ನ ಮೇಲಿನಿಂದ ದಾರ ಎಳೆದು ಬಿಗಿಯುವ ಬಟ್ಟೆಯ ಟೋಪಿಯೊಂದನ್ನು ದರ್ಜಿಯಿಂದ ಹೊಲಿಸಿಕೊಂಡರೆ ಅದು ನಡಿಗೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಕಾನಿನ 14-24 ಎಫ್ 2.8 ಜಿಯಂತೆ ಗಾಜು ಗುಬುಟಾಗಿ ಉಬ್ಬಿರುವ ಲೆನ್ಸುಗಳಿಗೆ ಮುಂದೆ ಥ್ರೆಡ್ಡೇ ಇಲ್ಲ, ತೊಡಿಸುವ ಕ್ಯಾಪ್ ಮಾತ್ರ. ಅದನ್ನು ಕಳೆದುಕೊಂಡರೆ ಸುಲಭದ ಬದಲಿಯಿಲ್ಲ, ಆದ್ದರಿಂದ ಅದನ್ನು ತುಸು ಹೆಚ್ಚು ಜೋಪಾನ ಮಾಡಬೇಕು.

ಮುಚ್ಚಿದ ಕಣ್ಣು

ಕ್ಯಾಪ್ ತೆಗೆಯದೆ ಚಿತ್ರ ತೆಗೆಯುವ ಪ್ರಮಾದ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬಹಳ ದೂರ ಹೋಗಲಾರದು, ಏಕೆಂದರೆ ಕಣ್ಣಿಟ್ಟ ಕೂಡಲೇ ಕತ್ತಲೆ ಕಾಣುತ್ತದೆ. ಆದರೂ ಒಂದು ನಷ್ಟ ಆಗಿಯೇ ಆಗುತ್ತದೆ: ಕತ್ತಲೆ ಕಂಡು, ಕ್ಯಾಮೆರಾ ಇಳಿಸಿ, ಹಿಂಡಿ ತೆಗೆದು, ಮತ್ತೆ ಎತ್ತುವಷ್ಟರಲ್ಲಿ ಮಿಂಚುಳ್ಳಿ ಕೊಂಬೆಯ ಮೇಲೆ ಇರುವುದಿಲ್ಲ. ಲೆನ್ಸಿನ ಮೂಲಕ ನೋಡದೆ ಬೇರೆ ಕಿಂಡಿಯಿಂದ ನೋಡುವ ಕ್ಯಾಮೆರಾಗಳಲ್ಲಿ ಅಪಾಯ ನಿಜವಾಗಿಯೂ ದೊಡ್ಡದು. ಲೈಕಾದಂಥ ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾ ಹಿಡಿದವರು ಮತ್ತು ಎರಡು ಲೆನ್ಸಿನ ಯಾಶಿಕಾ ಹಿಡಿದು ಕೆಳಗಿನ ಲೆನ್ಸನ್ನು ಮಾತ್ರ ಮುಚ್ಚಿಟ್ಟವರು ಇಡೀ ರೋಲನ್ನು ಕತ್ತಲೆಗೇ ಒಪ್ಪಿಸಿದ್ದುಂಟು. ಕಿಂಡಿಯಲ್ಲಿ ಎಲ್ಲವೂ ಚೊಕ್ಕಟವಾಗಿ ಕಾಣುತ್ತಿರುತ್ತದೆ, ರೋಲ್ ತೊಳೆದ ಮೇಲೆಯೇ ಸತ್ಯ ತಿಳಿಯುವುದು. ಈಗ ಮತ್ತೆ ಫಿಲ್ಮಿನ ಕಡೆಗೆ ಒಲಿಯುತ್ತಿರುವ ಯುವಕರು ಅಂಥ ಕ್ಯಾಮೆರಾಕ್ಕೆ ಕ್ಯಾಪ್ ಬದಲು ಒಂದು ಫಿಲ್ಟರನ್ನು ಕೂರಿಸಿ, ಕ್ಯಾಮೆರಾವನ್ನು ಬಿಸಿಲಿನಿಂದ ಮರೆಯಾಗಿ ಚೀಲದಲ್ಲಿಡುವುದು ಕ್ಷೇಮ.

ಬಿಸಿಲಿನ ಮಾತು ಏಕೆಂದರೆ, ಲೆನ್ಸ್ ಎಂಬುದು ಭೂತಗನ್ನಡಿಯೂ ಹೌದು. ಬಾಲ್ಯದಲ್ಲಿ ಕಾಗದ ಸುಟ್ಟದ್ದು ನೆನಪಿದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ. ಬಟ್ಟೆಯ ಷಟರ್ (ಬೆಳಕನ್ನು ತಡೆಯುವ ತೆರೆ) ಇರುವ ರೇಂಜ್‌ಫೈಂಡರುಗಳಲ್ಲಿ ಸೂರ್ಯನ ಬಿಂಬ ಷಟರಿನ ಮೇಲೆ ನೇರವಾಗಿ ಬಿದ್ದು ತೂತು ಮಾಡಿಬಿಡಬಲ್ಲದು. ಡಿಎಸ್‌ಎಲ್‌ಆರ್‌ನಲ್ಲಿ ನಡುವೆ ಕನ್ನಡಿ ಇರುವುದರಿಂದ ಚಿತ್ರ ಹಿಡಿಯುವ ಸೆನ್ಸರಿಗೆ ರಕ್ಷಣೆಯಿದೆ, ಮಿರರ್‌ಲೆಸ್‌ನಲ್ಲಿ ಕನ್ನಡಿಯಿಲ್ಲ. ಸ್ವಿಚ್ ಆರಿಸಿದಾಗ ಷಟರ್ ಮುಚ್ಚಿಕೊಳ್ಳುವ ಏರ್ಪಾಡು ಕ್ಯಾನನ್ ಇಒಎಸ್ ಆರ್‌ನಂಥ ಕೆಲವು ಕ್ಯಾಮೆರಾಗಳಲ್ಲಿದ್ದರೂ, ಷಟರಿನ ತೆಳು ಹಾಳೆಗಳೂ ಬಿಸಿಲಿನ ಬಿಂಬಕ್ಕೆ ಅಂಜಬೇಕಾದವುಗಳೇ. ಆದ್ದರಿಂದ ಬಯಲಿನಲ್ಲಿ ಟ್ರೈಪಾಡಿನ ಮೇಲೆ ಕ್ಯಾಮೆರಾ ಬಿಟ್ಟು ಊಟಕ್ಕೆ ಹೋಗುವಾಗ, ಕಾರಿನ ಡ್ಯಾಷ್‌ಬೋರ್ಡಿನ ಮೇಲೆ ಇಡುವಾಗ ಕ್ಯಾಪ್ ಹಾಕುವುದನ್ನು ಮರೆಯಬಾರದು.

ಕ್ಯಾಪನ್ನು ಹಾಕಿಯೇ ಬೇಕೆಂದು ಚಿತ್ರ ತೆಗೆಯುವವರೂ ಇದ್ದಾರೆ. ರಾತ್ರಿಯ ಆಕಾಶವನ್ನು ಸೆರೆಹಿಡಿಯುವವರು ಕೆಲಸ ಮುಗಿದ ಮೇಲೆ ಅದೇ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಅದೇ ಅವಧಿ ಇಟ್ಟು, ಲೆನ್ಸ್ ಮುಚ್ಚಿ ಕೆಲವು ಕಪ್ಪು ಚಿತ್ರಗಳನ್ನು ತೆಗೆದುಕೊಳ್ಳುತ್ತಾರೆ. ಸೆನ್ಸರಿನ ಬಿಸಿಯಿಂದ ಹುಟ್ಟುವ ಚುಕ್ಕೆಗಳು ಅವುಗಳಲ್ಲಿ ದಾಖಲಾಗುತ್ತವೆ, ಅವನ್ನು ಮುಂದೆ ಮೂಲ ಚಿತ್ರದಿಂದ ಕಳೆಯಬಹುದು. ಆಗ ಕ್ಯಾಪ್ ಬಿಗಿಯಾಗಿ ಕೂತಿರಬೇಕು, ಡಿಎಸ್‌ಎಲ್‌ಆರ್ ಆದರೆ ನೋಡುವ ಕಿಂಡಿಯನ್ನೂ ಮುಚ್ಚಬೇಕು. ಇನ್ನೂ ಹಿಂದಕ್ಕೆ ಹೋದರೆ ಕ್ಯಾಪೇ ಷಟರ್ ಆಗಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ದೇಗುಲಗಳನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಮೂಡಿಸಿದ ಕಾಲದಲ್ಲಿ ಮುಚ್ಚಳ ತೆಗೆದು, ಹೊತ್ತು ಎಣಿಸಿ, ಮುಚ್ಚಳ ಹಾಕುವುದೇ ಛಾಯಾಗ್ರಹಣದ ರೂಢಿಯಾಗಿತ್ತು. ಆ ಕಾಲದವರು ಕ್ಯಾಪ್ ತೆಗೆಯಲು ಮರೆಯುವಂತಿರಲಿಲ್ಲ.

ಹಿಂದಿನ ಕ್ಯಾಪ್ ಮತ್ತು ಬಾಡಿ ಕ್ಯಾಪ್

ಮುಂದಿನ ಕ್ಯಾಪ್ ಇಲ್ಲದೆ ಒಂದು ದಿನ ಕಳೆಯಬಹುದು. ಹಿಂದಿನದು, ಅಂದರೆ ಕ್ಯಾಮೆರಾಕ್ಕೆ ಕೂರುವ ತುದಿಯ ಕ್ಯಾಪ್, ಇಲ್ಲದೆ ಲೆನ್ಸನ್ನು ಚೀಲಕ್ಕೆ ಹಾಕಬಾರದು. ಹಿಂದಿನ ಗಾಜಿನ ಮೇಲಿನ ಗೀರು ಅಥವಾ ಬೆರಳಚ್ಚು ಮುಂದಿನದಕ್ಕಿಂತ ಬೇಗ ಚಿತ್ರದಲ್ಲಿ ತೋರುತ್ತದೆ, ಪಕ್ಕದಲ್ಲಿರುವ ವಿದ್ಯುತ್ ಸಂಪರ್ಕದ ಬಿಂದುಗಳೂ ಅಲ್ಲಿಯೇ ಇವೆ. ಲೆನ್ಸ್ ಬದಲಿಸುವಾಗ ಎರಡು ಲೆನ್ಸು, ಒಂದು ಕ್ಯಾಮೆರಾ, ಒಂದು ಕ್ಯಾಪ್ ಸೇರಿ ಎರಡು ಕೈಗಳಿಗೆ ಸಾಲದಂತಾಗುವುದರಿಂದ ಕ್ರಮ ಮುಖ್ಯ. ಮೊದಲು ಹೊಸ ಲೆನ್ಸಿನ ಹಿಂದಿನ ಕ್ಯಾಪನ್ನು ಸಡಿಲಿಸಿ, ತೆಗೆಯದೆ ಅದರ ಮೇಲೆಯೇ ಬಿಡಿ. ಕ್ಯಾಮೆರಾವನ್ನು ಬಾಯಿ ಕೆಳಮುಖವಾಗಿ ಹಿಡಿದು ಹಳೆಯ ಲೆನ್ಸ್ ಬಿಚ್ಚಿ ಚೀಲದೊಳಗೆ ನಿಲ್ಲಿಸಿ. ಸಡಿಲಿಸಿದ ಕ್ಯಾಪನ್ನು ಎತ್ತಿ ಹಳೆಯ ಲೆನ್ಸಿನ ಮೇಲೆ ಇಟ್ಟು, ಹೊಸದನ್ನು ಕ್ಯಾಮೆರಾಕ್ಕೆ ಕೂರಿಸಿ, ಆಮೇಲೆ ಹಳೆಯದರ ಕ್ಯಾಪನ್ನು ತಿರುಗಿಸಿ ಬಿಗಿ ಮಾಡಿ. ಮನೆಯಲ್ಲಿ ಹತ್ತು ಸಲ ಕಣ್ಣು ಮುಚ್ಚಿ ಅಭ್ಯಾಸ ಮಾಡಿದರೆ ಕತ್ತಲ ಯಕ್ಷಗಾನ ಬಯಲಿನಲ್ಲಿಯೂ ಕೈ ತಪ್ಪುವುದಿಲ್ಲ.

ಎರಡು ಕಂಪನಿಗಳ ಕ್ಯಾಮೆರಾ ಇರುವ ಮನೆಗಳಲ್ಲಿ ಹಿಂದಿನ ಕ್ಯಾಪ್‌ಗಳು ಬೆರೆತುಹೋಗುತ್ತವೆ. ಕ್ಯಾನನ್ ಲೆನ್ಸು ಕೂರುವುದು ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ, ನಿಕಾನ್ ಅದಕ್ಕೆ ವಿರುದ್ಧ. ಒಂದರ ಕ್ಯಾಪ್ ಇನ್ನೊಂದಕ್ಕೆ ಆಗುವುದಿಲ್ಲ. ಬಲ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಹೆರೆದು ಪುಡಿ ಉದುರುತ್ತದೆ, ಆ ಪುಡಿ ಗಾಜಿನ ಮೇಲೆ ಬೀಳುತ್ತದೆ. ಅಡ್ಡಾದಿಡ್ಡಿ ಅಚ್ಚಿನ ಅಗ್ಗದ ಕ್ಯಾಪ್‌ಗಳಲ್ಲಿಯೂ ಇದೇ ತೊಂದರೆ ಇರುವುದರಿಂದ, ಮುಂದಿನ ಕ್ಯಾಪಿನಲ್ಲಿ ಉಳಿಸಿದ ಹಣವನ್ನು ಹಿಂದಿನದಕ್ಕೆ ಹಾಕುವುದು ಲೇಸು.

ಲೆನ್ಸ್ ಕ್ಯಾಮೆರಾದ ಮೇಲಿರುವಾಗ ಹಿಂದಿನ ಕ್ಯಾಪ್ ಮತ್ತು ಕ್ಯಾಮೆರಾದ ಬಾಯಿ ಮುಚ್ಚುವ ಬಾಡಿ ಕ್ಯಾಪ್ ಎರಡೂ ಕೈಯಲ್ಲಿ ಉಳಿಯುತ್ತವೆ. ಒಂದು ಲೆನ್ಸಿನಂತೆ, ಇನ್ನೊಂದು ಕ್ಯಾಮೆರಾದ ಬಾಯಿಯಂತೆ ಇರುವುದರಿಂದ ಅವೆರಡನ್ನು ಮುಖಾಮುಖಿ ಹಿಡಿದು ತಿರುಗಿಸಿದರೆ ಡಬ್ಬಿಯಂತೆ ಸೇರಿಕೊಳ್ಳುತ್ತವೆ. ಒಳಗೆ ಧೂಳು ಹೋಗುವುದಿಲ್ಲ, ಹುಡುಕಬೇಕಾದ ವಸ್ತುಗಳು ಎರಡರಿಂದ ಒಂದಕ್ಕೆ ಇಳಿಯುತ್ತವೆ. ಬಹಳ ವರ್ಷ ಕ್ಯಾಮೆರಾ ಬಳಸಿದವರಲ್ಲಿಯೂ ಕೆಲವರಿಗೆ ಇದು ತಿಳಿದಿಲ್ಲದಿರುವುದು ನನಗೆ ಆಶ್ಚರ್ಯ.

ಮಳೆಗಾಲದಲ್ಲಿ

ನಮ್ಮ ಮಲೆನಾಡು, ಕರಾವಳಿಗಳಲ್ಲಿ ಕ್ಯಾಪಿನ ನಿಯಮ ಸ್ವಲ್ಪ ತಿರುಗಿ ನಿಲ್ಲುತ್ತದೆ. ಆಗುಂಬೆಯಲ್ಲಿಯೋ ಮಡಿಕೇರಿಯಲ್ಲಿಯೋ ಮಂಜಿನಲ್ಲಿ ತಿರುಗಿ ಬಂದ ಲೆನ್ಸಿಗೆ ಹಾಗೆಯೇ ಕ್ಯಾಪ್ ಹಾಕಿ ಚೀಲ ಮುಚ್ಚಿಟ್ಟರೆ ತೇವ ಒಳಗೇ ಉಳಿದು, ಕತ್ತಲೆ ಮತ್ತು ಬೆಚ್ಚನೆಯ ಗಾಳಿ ಸೇರಿ ಗಾಜಿನ ಮೇಲೆ ಫಂಗಸ್ ಜೇಡರ ಬಲೆಯಂತೆ ಹಬ್ಬುತ್ತದೆ. ಆದ್ದರಿಂದ ಮನೆಗೆ ಬಂದ ಕೂಡಲೇ ಎರಡೂ ಕ್ಯಾಪ್‌ಗಳನ್ನು ತೆಗೆದು, ಲೆನ್ಸಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಬಿಟ್ಟು ಆಮೇಲೆ ಮುಚ್ಚಬೇಕು. ಕ್ಯಾಪನ್ನೂ ಒಣಗಿಸಬೇಕು, ಅದರ ಸಂದುಗಳಲ್ಲಿ ನಿಂತ ನೀರು ಕಣ್ಣಿಗೆ ಕಾಣುವುದಿಲ್ಲ.

ಡ್ರೈ ಕ್ಯಾಬಿನೆಟ್ಟಿನಲ್ಲಿ ತೇವಾಂಶವನ್ನು ಶೇಕಡಾ 40ರಿಂದ 50ರ ನಡುವೆ ಇಟ್ಟುಕೊಂಡವರು ಕ್ಯಾಪ್ ತೆಗೆದೇ ಲೆನ್ಸ್ ಇಡಬಹುದು, ಒಣಗಾಳಿ ಗಾಜಿನವರೆಗೆ ಹೋಗುತ್ತದೆ. ಅದಿಲ್ಲದವರು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಬಹುದು. ಬಣ್ಣ ಬದಲಿಸುವ ಜೆಲ್ಲಿನಲ್ಲಿ ನೀಲಿ ಗುಲಾಬಿಗೆ ಅಥವಾ ಕಿತ್ತಳೆ ಹಸಿರಿಗೆ ತಿರುಗಿದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ನೀಲಿಯದರಲ್ಲಿರುವ ಕೋಬಾಲ್ಟ್ ವಿಷವಾದ್ದರಿಂದ ಮಕ್ಕಳಿಂದ ದೂರವಿಡಿ.

ಮಂಗಳೂರಿನಂಥ ಊರಿನಲ್ಲಿ ಎಸಿ ಕೋಣೆಯಿಂದ ಹೊರಗೆ ಬಂದಾಗ ಲೆನ್ಸ್ ಬೆವರುವುದನ್ನು ಎಲ್ಲರೂ ಕಂಡಿರುತ್ತಾರೆ. ಆಗ ಮಾತ್ರ ಕ್ಯಾಪ್ ತೆಗೆಯುವ ಆತುರ ಬೇಡ. ಕ್ಯಾಪ್ ಹಾಕಿ, ಚೀಲ ಮುಚ್ಚಿಕೊಂಡೇ ಹೊರಗೆ ಬಂದು, ಇಪ್ಪತ್ತು ಮೂವತ್ತು ನಿಮಿಷ ಲೆನ್ಸು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಟ್ಟರೆ ಮಂಜು ಕಟ್ಟುವುದಿಲ್ಲ. ಕಂಬಳದ ಕೆಸರಿನ ವಿಷಯ ಬೇರೆ: ಗಾಜಿನ ಮೇಲೆ ಹನಿ ಬಿದ್ದ ಮೇಲೆ ಕ್ಯಾಪ್ ಹಾಕಿದರೆ ಅಂಚಿನ ಮರಳು ಥ್ರೆಡ್ಡಿಗೆ ಸೇರಿ ಅರೆಯುತ್ತದೆ. ಮೊದಲು ಬ್ಲೋವರ್ (ಗಾಳಿ ಊದುವ ರಬ್ಬರ್ ಬುರುಡೆ), ಆಮೇಲೆ ಬ್ರಷ್, ಆಮೇಲೆ ಒದ್ದೆ ಬಟ್ಟೆ, ಎಲ್ಲ ಮುಗಿದ ಮೇಲೆ ಕ್ಯಾಪ್.

ಸಿಕ್ಕಿಕೊಂಡಾಗ, ಕಳೆದಾಗ

ಹಿಂಡಿದ ಹಿಡಿ ಹಿಂದಕ್ಕೆ ಬರದಿದ್ದರೆ ಸ್ಪ್ರಿಂಗಿನ ಸಂದಿಯಲ್ಲಿ ಏನೋ ಕೂತಿದೆ ಎಂದು ತಿಳಿಯಬೇಕು. ಮದುವೆ ಋತುವಿನ ನಂತರ ನನ್ನ ಕ್ಯಾಪಿನಿಂದ ಅರಿಸಿನ ಹತ್ತಿದ ಅಕ್ಷತೆಯ ಕಾಳು ಹೊರಬಂದದ್ದುಂಟು. ಒಣಗಿದ ಹಲ್ಲುಜ್ಜುವ ಬ್ರಷ್ ಮತ್ತು ಬ್ಲೋವರ್ ಸಾಕು. ತೀರಾ ಕೊಳೆಯಾಗಿದ್ದರೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಒಂದು ದಿನ ಒಣಗಿಸಬಹುದು. ಕೊಬ್ಬರಿ ಎಣ್ಣೆಯನ್ನಾಗಲಿ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬಿಡಬೇಡಿ. ಎಣ್ಣೆ ಧೂಳನ್ನು ಹಿಡಿಯುತ್ತದೆ, ಬಿಸಿಗೆ ಆವಿಯಾಗಿ ಗಾಜಿನ ಮೇಲೆ ಪೊರೆ ಕಟ್ಟುತ್ತದೆ.

ಪ್ರವಾಸದ ನಡುವೆ ಕ್ಯಾಪ್ ಕಳೆದರೆ ಹುಡ್ಡನ್ನು ನೇರವಾಗಿ ಹಾಕಿ, ಮೈಕ್ರೋಫೈಬರ್ ಬಟ್ಟೆಯನ್ನು ಅದರ ಬಾಯಿಯ ಮೇಲೆ ಹರಡಿ ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ಊರಿಗೆ ಮರಳುವವರೆಗೆ ನಡೆಯುತ್ತದೆ. ಬಟ್ಟೆ ಗಾಜಿಗೆ ತಾಗಬಾರದು. ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಕಟ್ಟುವುದು ಮಳೆಗಾಲದಲ್ಲಿ ಬೇಡ, ಕಾರಣ ಮೇಲೆ ಹೇಳಿದ್ದೇ. ಹೊಸದನ್ನು ಕೊಳ್ಳುವಾಗ ಕಂಪನಿಯ ಹೆಸರು ಮುದ್ರಿತವಾಗಿರಬೇಕೆಂಬ ಹಟ ಅಗತ್ಯವಿಲ್ಲ. ಲೆನ್ಸನ್ನು ಅಂಗಡಿಗೆ ಒಯ್ದು, ಕ್ಯಾಪ್ ಕೂರಿಸಿ, ಲೆನ್ಸನ್ನು ಬೋರಲಾಗಿ ಹಿಡಿದು ಮೃದುವಾಗಿ ಅಲುಗಾಡಿಸಿ ನೋಡಿ. ಒಂದರ ಬದಲು ಎರಡು ಕೊಂಡು ಒಂದನ್ನು ಚೀಲದ ತಳದ ಖಾನೆಯಲ್ಲಿಡಿ. ಹೊಸದು ಬಂದ ಮರುವಾರ ಹಳೆಯದು ಸೋಫಾದ ಸಂದಿಯಲ್ಲೋ ಕಾರಿನ ಸೀಟಿನ ಕೆಳಗೋ ಸಿಕ್ಕೇ ಸಿಗುತ್ತದೆ. ಅದನ್ನು ಎಸೆಯದೆ, ಮೇಲೆ ಅಳತೆ ಬರೆದು, ಕಾರಿನ ಡ್ಯಾಷ್‌ಬೋರ್ಡಿನ ಖಾನೆಗೆ ಹಾಕಿಡಿ. ಬರೆಯದೆ ಇಟ್ಟರೆ ಒಂದು ವರ್ಷದ ಮೇಲೆ ಅದು 55ರದೋ 58ರದೋ ಎಂದು ಗುರುತು ಹಿಡಿಯಲು ಮತ್ತೆ ಲೆನ್ಸೇ ಬೇಕಾಗುತ್ತದೆ.